ರೀಲಿಂಗ್ ಖಾತೆಯ ಅಕ್ಕ

ಹೋದ ವಾರ ಆಕೆಯ ಶಿವಗಣಾರಾಧನೆಯ ಕಾರ್ಡು ಬಂತು. ಫೋಟೋದ ಕೆಳಗೆ ‘ತಾಳ್ಮೆಯ ಮೂರ್ತಿ, ಶಾಂತ ಸ್ವಭಾವದ ನಮ್ಮ ತಾಯಿ’ ಎಂದು ಅಚ್ಚಾಗಿತ್ತು. ಓದುತ್ತಿದ್ದಂತೆ ನನಗೆ ಸಿಟ್ಟು ಬಂತು. ಇದು ಪ್ರೆಸ್ಸಿನವರು ತೀರಿಕೊಂಡ ಎಲ್ಲ ತಾಯಂದಿರಿಗೂ ಹಾಕುವ ಸಾಲು, ಸಾವಿನ ಮನೆಯಲ್ಲಿ ಕೂತು ಅದನ್ನು ತಿದ್ದುವ ಪುರುಸೊತ್ತು ಯಾರಿಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಿಟ್ಟು ಇಳಿಯಲಿಲ್ಲ. ಬದುಕಿದ್ದಾಗ ಆಕೆಯ ಬಾಯಿ ಮುಚ್ಚಿಸಲು ಮಿಲ್ಲಿನವರಿಂದ ಆಗಲಿಲ್ಲ, ಸಂಘದವರಿಂದ ಆಗಲಿಲ್ಲ. ಸತ್ತ ಮೇಲೆ ಒಂದು ಅಚ್ಚಿನ ಸಾಲು ಆ ಕೆಲಸ ಮಾಡಿಬಿಟ್ಟಿತು.

ನಾನು ಬಲ್ಲ ಆಕೆಗೆ ತಾಳ್ಮೆ ಇರಲಿಲ್ಲ. ತಾಳ್ಮೆ ಇಟ್ಟುಕೊಳ್ಳುವುದಕ್ಕೆ ಯಾರೂ ಆಕೆಗೆ ಒಂದು ಕಾರಣ ಕೊಟ್ಟಿರಲಿಲ್ಲ.

ಆಕೆಯ ಹೆಸರನ್ನು ಬರೆಯುವುದಿಲ್ಲ. ಮಕ್ಕಳು ಮೊಮ್ಮಕ್ಕಳು ಇದೇ ದಾವಣಗೆರೆಯಲ್ಲಿ ಇದ್ದಾರೆ, ಅವರಿಗೆ ಅವರ ನೆನಪು ಇರಲಿ. ಇನ್ನೊಂದು ಕಾರಣವೂ ಇದೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆ ಕಾಲದಲ್ಲೂ ಡೈರಿ ಬರೆಯುತ್ತಿದ್ದೆ, ಈಗಲೂ ಬರೆಯುತ್ತೇನೆ. ಹಳೆಯದನ್ನು ತೆಗೆದು ನೋಡಿದಾಗಲೆಲ್ಲ ನನಗೆ ನೆನಪಿರುವುದು ಒಂದು, ಅಂದು ಬರೆದದ್ದು ಇನ್ನೊಂದು. ಅರ್ಧ ನಾನೇ ಕಟ್ಟಿಕೊಂಡಿರಬಹುದಾದ ಹೆಂಗಸಿಗೆ ಆಕೆಯ ಪೂರ್ತಿ ಹೆಸರನ್ನು ಇಡುವುದು ಅನ್ಯಾಯ ಎನ್ನಿಸುತ್ತದೆ. ನಾನು ಅಕ್ಕ ಎನ್ನುತ್ತಿದ್ದೆ. ಇಲ್ಲಿ ಅಷ್ಟು ಸಾಕು.

ನಿಟ್ಟುವಳ್ಳಿ ಆಗ ಊರಿನೊಳಗೆ ಇನ್ನೂ ಸೇರಿರಲಿಲ್ಲ. ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ನನ್ನ ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಆಚೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ಮಿಲ್ಲಿನಲ್ಲಿ ಒಂದೊಂದು ವಿಭಾಗಕ್ಕೂ ಖಾತೆ ಎನ್ನುತ್ತಿದ್ದರು. ಆಕೆ ಇದ್ದದ್ದು ರೀಲಿಂಗ್ ಖಾತೆಯಲ್ಲಿ. ನೂತ ನೂಲನ್ನು ಉದ್ದನೆಯ ರಾಟೆಯಂಥ ಮಷೀನಿಗೆ ಸುತ್ತಿ ಲಡಿ ಮಾಡುವುದು ಅಲ್ಲಿಯ ಕೆಲಸ. ಆ ಲಡಿಗಳನ್ನು ಕೈಮಗ್ಗದ ನೇಕಾರರು ಕೊಳ್ಳುತ್ತಿದ್ದರು. ಅಲ್ಲಿ ಇದ್ದವರೆಲ್ಲ ಹೆಂಗಸರೇ. ವರ್ಷಗಟ್ಟಲೆ ಬದಲಿಯಾಗಿ, ಅಂದರೆ ಯಾರಾದರೂ ಬಾರದ ದಿನ ಸಿಕ್ಕಿದಷ್ಟು ಕೆಲಸಕ್ಕಾಗಿ ಗೇಟಿನಲ್ಲಿ ನಿಂತು, ಆಮೇಲೆ ಆಕೆ ಖಾಯಂ ಆಗಿದ್ದಳು. ಗಂಡ ಮಗ್ಗದ ಖಾತೆಯಲ್ಲಿ ಇನ್ನೂ ಬದಲಿಯಾಗಿಯೇ ಇದ್ದ. ಮನೆ ನಡೆಯುತ್ತಿದ್ದದ್ದು ಆಕೆಯ ಖಾಯಂ ಕೆಲಸದ ಮೇಲೆ. ಮಗಳು ಹೈಸ್ಕೂಲಿಗೆ ಹೋಗುತ್ತಿದ್ದದ್ದು ಅದರ ಮೇಲೆ. ಚಿಕ್ಕವರಿಬ್ಬರ ಹೊಟ್ಟೆ ಅದರ ಮೇಲೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಆಕೆಯೇ ಹೇಳುತ್ತಿದ್ದಳು.

ಮಷೀನಿನ ಸದ್ದಿನಲ್ಲಿ ಮಾತಾಡಿ ಮಾತಾಡಿ ಆಕೆಯ ದನಿ ಯಾವಾಗಲೂ ಏರಿಯೇ ಇರುತ್ತಿತ್ತು. ಗುಟ್ಟಿನ ಮಾತು ಹೇಳಿದರೂ ಬೀದಿಗೆ ಕೇಳಿಸುತ್ತಿತ್ತು. ನಾನು ಕಾಲೇಜಿಗೆ ಸೇರಿದ ದಿನದಿಂದ ನನ್ನ ಹೆಸರನ್ನು ಬಿಟ್ಟು ‘ಕಾಲೇಜು’ ಎಂದೇ ಕರೆಯತೊಡಗಿದಳು.

“ಏ ಕಾಲೇಜು, ಇಷ್ಟು ಸಣ್ಣ ಅಕ್ಷರದ ಪುಸ್ತಕ ಓದ್ತೀಯಲ್ಲ, ಅದರಾಗೆ ನಮ್ಮ ಜಾಬರಣ್ಣನ ಸುದ್ದಿ ಏನಾರ ಐತಾ?”

“ಇಲ್ಲಕ್ಕ.”

“ಹಂಗಾದ್ರೆ ಪೂರ್ತಿ ಬರ್ದಿಲ್ಲ ಬಿಡು ಅವರು.”

ಜಾಬರಣ್ಣ ಎಂದರೆ ಖಾತೆಯ ಮೇಸ್ತ್ರಿ. ಯಾರಿಗೆ ಕೆಲಸ, ಯಾರಿಗಿಲ್ಲ ಎನ್ನುವುದು ಅವನ ಬಾಯಲ್ಲಿತ್ತು. ಅವನೆದುರು ಇತರ ಹೆಂಗಸರು ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದರು. ಈಕೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು.

ಆಕೆಯ ಕೈಬೆರಳುಗಳು ಮಾತ್ರ ಬೇರೆಯೇ ಸ್ವಭಾವದವು. ಬಾಯಿ ಜಗಳವಾಡುತ್ತಿದ್ದರೂ ಬೆರಳುಗಳು ತಮ್ಮ ಪಾಡಿಗೆ ಸೆರಗಿನ ಅಂಚಿನ ಸಡಿಲ ಎಳೆಯನ್ನು ಹುಡುಕಿ ಗಂಟು ಹಾಕುತ್ತಿದ್ದವು. ನನ್ನ ಲಂಗದ ಅಂಚು, ಅಮ್ಮನ ಕೈಚೀಲ, ಯಾವುದು ಸಿಕ್ಕರೂ ಅಷ್ಟೇ. ಗಂಟು ಎಷ್ಟು ಸಣ್ಣದೆಂದರೆ ಉಗುರಿಗೂ ತಾಗುತ್ತಿರಲಿಲ್ಲ. ಎಳೆ ತುಂಡಾದ ಲಡಿ ಹೋದರೆ ಎಲ್ಲೋ ಒಬ್ಬ ನೇಕಾರನ ಹೆಂಡತಿ ಅದನ್ನು ಬಿಚ್ಚುತ್ತ ಕೂತು ತನಗೆ ಹಿಡಿಶಾಪ ಹಾಕುತ್ತಾಳೆ ಎಂಬುದು ಆಕೆಯ ನಂಬಿಕೆ. “ನಾನು ಬೈಯೋದೇ ಸಾಕಷ್ಟು ಐತೆ, ಬೈಸ್ಕಣಾಕೆ ಪುರುಸೊತ್ತಿಲ್ಲ” ಎನ್ನುತ್ತಿದ್ದಳು.

ಅರವತ್ತರ ದಶಕದ ನಡುವೆ ಆ ಕೆಟ್ಟ ಕಾಲ ಬಂತು. ಮಳೆ ಹೋಯಿತು, ಕರೆಂಟು ಕಡಿತವಾಯಿತು, ಕೈಮಗ್ಗದ ಬಟ್ಟೆಯನ್ನು ಕೊಳ್ಳುವವರಿಲ್ಲದೆ ನೇಕಾರರು ನೂಲು ಕೊಳ್ಳುವುದನ್ನು ನಿಲ್ಲಿಸಿದರು. ಲಡಿಗಳ ಮೂಟೆ ಗೋದಾಮಿನ ಮಾಡು ಮುಟ್ಟಿದವಂತೆ. ಮೊದಲು ನಿಂತದ್ದು ರೀಲಿಂಗ್ ಖಾತೆ. ‘ಸದ್ಯಕ್ಕೆ ನಿಲ್ಲಿಸಿದೆ’ ಎಂದು ಗೇಟಿನ ಹಲಗೆಯ ಮೇಲೆ ಚೀಟಿ ಅಂಟಿಸಿದರು. ಈ ‘ಸದ್ಯಕ್ಕೆ’ ಎಂಬ ಮಾತಿನಷ್ಟು ಹೊಲಸು ಮಾತನ್ನು ನಾನು ಆಮೇಲೆ ಯಾವ ಕಚೇರಿಯಲ್ಲೂ ಕಂಡಿಲ್ಲ. ಮುಚ್ಚಿದೆವು ಎಂದಿದ್ದರೆ ಜನ ಅತ್ತು, ಬೈದು, ಬೇರೆ ದಾರಿ ಹಿಡಿಯುತ್ತಿದ್ದರು. ಇದು ಅವರನ್ನು ಗೇಟಿಗೆ ಕಟ್ಟಿಹಾಕಿತು.

ಕಟ್ಟಿಹಾಕಿತು ಎಂದದ್ದು ಸುಮ್ಮನೆ ಅಲ್ಲ. ಕೆಲಸವಿಲ್ಲದ ದಿನಗಳಿಗೆ ಖಾಯಂ ಆಳುಗಳಿಗೆ ಅರ್ಧ ಕೂಲಿ ಕೊಡಬೇಕೆಂಬ ನಿಯಮವಿತ್ತು. ಆದರೆ ಅದಕ್ಕೆ ಪ್ರತಿ ಬೆಳಿಗ್ಗೆ ಪಾಳಿಯ ಹೊತ್ತಿಗೆ ಗೇಟಿಗೆ ಬಂದು ಮುಖ ತೋರಿಸಿ ಹೋಗಬೇಕು. ಒಳಗೆ ಬಿಡುವುದಿಲ್ಲ. ಟೈಂಕೀಪರು ಕಿಟಕಿಯಲ್ಲಿ ಕೂತಿರುತ್ತಾನೆ, ಒಬ್ಬೊಬ್ಬರಾಗಿ ಅವನ ಮುಂದೆ ಹಾದು ಹೋಗಬೇಕು. ನಿಟ್ಟುವಳ್ಳಿಯಿಂದ ಆ ಹೆಂಗಸರು ಅಷ್ಟು ದೂರ ನಡೆದು ಹೋಗಿ, ಮುಖ ತೋರಿಸಿ, ತಿರುಗಿ ನಡೆದು ಬರುತ್ತಿದ್ದರು. ಒಂದು ದಿನ ಈಕೆ ಕಿಟಕಿಯ ಮುಂದೆ ಬೆನ್ನು ಮಾಡಿ ನಿಂತಳಂತೆ.

“ಏನವ್ವ, ಈ ಕಡೆ ತಿರುಗು.”

“ದಿನಾ ಮುಖ ನೋಡಿ ನೋಡಿ ನಿಮಗೂ ಬ್ಯಾಸರ ಆಗಿರ್ತೈತೆ ಸ್ವಾಮಿ. ಇವತ್ತು ಬೆನ್ನು ನೋಡ್ರಿ. ಹೊಟ್ಟೆ ಇದಕ್ಕೇ ಹತ್ತಿಕಂಡೈತೆ, ಅದೂ ಕಂಡಂಗಾಗ್ತೈತೆ.”

ಇದನ್ನು ಆಕೆ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದಾಗ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆ ದಿನದ ಅರ್ಧ ಕೂಲಿಯನ್ನು ಟೈಂಕೀಪರು ಹಿಡಿದುಬಿಟ್ಟ ಎನ್ನುವುದನ್ನು ಹೇಳಿದ್ದು ಆಕೆಯಲ್ಲ, ಆಕೆಯ ಮಗಳು, ಅದೂ ಬಹಳ ದಿನಗಳಾದ ಮೇಲೆ. ನಗುವಾಗ ನಮಗೆ ಪೂರ್ತಿ ಕಥೆ ಗೊತ್ತಿರಲಿಲ್ಲ. ಆಕೆಯ ಹಾಸ್ಯಗಳೆಲ್ಲ ಹೀಗೆಯೇ. ಯಾವುದೂ ಪುಕ್ಕಟೆ ಆಗಿರಲಿಲ್ಲ.

ಆ ವರ್ಷ ನ್ಯಾಯಬೆಲೆ ಅಂಗಡಿಯಲ್ಲಿ ಅಮೆರಿಕದ ಕೆಂಪು ಜೋಳ ಕೊಡುತ್ತಿದ್ದರು. ಅದರ ಹಿಟ್ಟಿಗೆ ಜಿಗುಟಿಲ್ಲ. ರೊಟ್ಟಿ ತಟ್ಟಿದರೆ ನಡುವೆ ಬಿರುಕು ಬಿಡುತ್ತಿತ್ತು. ಗೋಡೆಯಾಚೆ ರೊಟ್ಟಿ ತಟ್ಟುವ ಸದ್ದು ನಿಂತರೆ ಈಗ ಬೈಗುಳ ಬರುತ್ತದೆ ಎಂದು ನಮಗೆ ಗೊತ್ತಾಗುತ್ತಿತ್ತು. ಹಿಟ್ಟಿಗೆ, ಅಂಗಡಿಯವನಿಗೆ, ಅಮೆರಿಕಕ್ಕೆ, ಕೊನೆಗೆ ಒಲೆಯ ಮುಂದೆ ಕೂತ ಗಂಡನಿಗೆ, ಎಲ್ಲರಿಗೂ ಸಮನಾಗಿ ಬೈದು ಮುಗಿಸಿ, ಮುರಿದ ರೊಟ್ಟಿಯ ತುಂಡುಗಳನ್ನು ತಟ್ಟೆಯಲ್ಲಿ ಮತ್ತೆ ದುಂಡಗೆ ಜೋಡಿಸಿ ಮಕ್ಕಳ ಮುಂದೆ ಇಡುತ್ತಿದ್ದಳು. ಗಂಡ ಮಾತಿಗೆ ಮಾತು ಬೆಳೆಸುವವನಲ್ಲ. ಮಗ್ಗದ ಖಾತೆಯಲ್ಲಿ ಬದಲಿ ಕೆಲಸ ಪೂರ್ತಿ ನಿಂತ ಮೇಲೆ ಅವನು ಹರಿಹರಕ್ಕೆ ಹೋಗತೊಡಗಿದ. ಅಲ್ಲಿ ಹೊಸದೊಂದು ಕಾರ್ಖಾನೆಯ ಶೆಡ್ಡು ಕಟ್ಟುತ್ತಿದ್ದರು, ಇಟ್ಟಿಗೆ ಹೊರುವ ಕೆಲಸ. ವಾರಕ್ಕೊಮ್ಮೆ ರೈಲಿನಲ್ಲಿ ಮನೆಗೆ ಬರುತ್ತಿದ್ದ.

ಕಾರ್ಮಿಕ ಸಂಘದ ಸಭೆಯೊಂದು ಆದದ್ದು ಆಗಲೇ. ಮುಖಂಡರು ಮೈಕಿನ ಮುಂದೆ ನಿಂತು, ಮೊದಲು ಮಗ್ಗದ ಖಾತೆಯನ್ನು ಉಳಿಸಿಕೊಳ್ಳಬೇಕು, ಗಂಡಸರ ಕೆಲಸ ಉಳಿದರೆ ಮನೆ ಉಳಿಯುತ್ತದೆ, ತಾಯಂದಿರು ಸ್ವಲ್ಪ ತ್ಯಾಗ ಮಾಡಬೇಕು ಎಂದರು. ಈಕೆ ಹೆಂಗಸರ ಸಾಲಿನಿಂದ ಎದ್ದು ನಿಂತಳು.

“ಅಣ್ಣಾರೆ, ತ್ಯಾಗ ಅಂದ್ರೆ ನಮ್ಮ ಕೈಯಾಗಿದ್ದದ್ದನ್ನ ನಾವೇ ಬಿಟ್ಟು ಕೊಡಾದು. ನಮ್ಮ ಕೈಯಾಗಿಂದ ಕಿತ್ಕಂಡ್ರೆ ಅದಕ್ಕೆ ಬೇರೆ ಹೆಸರೈತೆ. ಮೈಕಿನಾಗೆ ಹೇಳಲೇನು?”

ಮೈಕನ್ನು ಯಾರೋ ಆರಿಸಿದರು. ಅದರಿಂದ ಏನೂ ಆಗಲಿಲ್ಲ; ಆಕೆಗೆ ಮೈಕು ಬೇಕಾಗಿರಲಿಲ್ಲ.

ಇಷ್ಟು ಯಾರನ್ನೂ ನಂಬದ ಹೆಂಗಸು ಒಂದನ್ನು ನಂಬಿದಳು. ಅದಕ್ಕಾಗಿ ನನಗೆ ಇವತ್ತಿಗೂ ಆಕೆಯ ಮೇಲೆ ಸಿಟ್ಟಿಲ್ಲ, ನಂಬಿಸಿದವರ ಮೇಲೆ ಇದೆ.

ದಸರೆ ಹತ್ತಿರ ಬಂದಾಗ ಜಾಬರಣ್ಣ ಸೈಕಲ್ಲು ತಳ್ಳಿಕೊಂಡು ನಮ್ಮ ಓಣಿಗೆ ಬಂದ. “ಆಯುಧಪೂಜೆಗೆ ರೀಲಿಂಗಿನವರೂ ಬರ್ರವ್ವ. ಧೂಳು ಕುಂತೈತೆ ಮಷೀನಿನ ಮ್ಯಾಲೆ. ಹಿಂದಿನ ದಿನಾನೇ ಬಂದು ಒರಸಿ, ಎಣ್ಣೆ ಬಿಟ್ಟು, ಚೊಕ್ಕ ಮಾಡ್ರಿ. ಮಾಲಕರು ಹೇಳ್ಯಾರೆ.”

“ಕೂಲಿ?” ಎಂದಳು ಈಕೆ.

“ಪೂಜೆಗೆ ಯಾರಾರ ಕೂಲಿ ಕೇಳ್ತಾರೇನವ್ವ?”

ಆಕೆ ಸುಮ್ಮನಾದಳು. ಆಕೆಯನ್ನು ಸುಮ್ಮನಾಗಿಸುವ ಮಾತು ಅದೊಂದೇ ಇತ್ತು, ಅದು ಅವನಿಗೆ ಗೊತ್ತಿತ್ತು.

ಆ ಶನಿವಾರ ಗಂಡ ಹರಿಹರದಿಂದ ಬಂದಿದ್ದ. ಗೋಡೆಯಾಚೆಯ ಮಾತು ನಮಗೆ ಕೇಳಿಸುತ್ತಿತ್ತು.

“ಪೂಜೆಗೆ ಕರೆದಾರೆ. ಕೆಲಸಕ್ಕೆ ಕರೆದಿಲ್ಲ” ಎಂದ ಅವನು.

“ಖಾತೆ ಸುರು ಮಾಡಲ್ಲ ಅಂದ್ರೆ ಮಷೀನಿಗೆ ಪೂಜೆ ಯಾಕ ಮಾಡಿಸ್ತಾರೆ? ಕುಂಕುಮ ಹಚ್ಚಿದ್ದನ್ನ ಯಾರಾರ ಮೂಲೆಗೆ ಹಾಕ್ತಾರಾ?”

“ನಂಗ್ಯಾಕೋ ಸಂಶಯ ಕಣೆ.”

“ನಿಮಗೇನು ಗೊತ್ತಾಗ್ತೈತೆ? ನೀವು ಬದಲಿ. ನಿಮ್ಮ ಮಗ್ಗ ಯಾವುದು ಅಂತ ದೇವರಿಗೇ ಗೊತ್ತಿಲ್ಲ.”

ಇದು ಚುಚ್ಚು ಮಾತು. ಆದರೆ ಅದರಲ್ಲಿ ಆಕೆಯ ನಂಬಿಕೆಯೆಲ್ಲ ಇತ್ತು. ಬದಲಿ ಆಳಿಗೆ ಇವತ್ತು ಈ ಮಗ್ಗ, ನಾಳೆ ಆ ಮಗ್ಗ. ಖಾಯಂ ಆದವರಿಗೆ ಮಾತ್ರ ‘ನನ್ನ ಮಷೀನು’ ಎನ್ನುವ ಹಕ್ಕು. ವರ್ಷವರ್ಷವೂ ಆಯುಧಪೂಜೆಯಂದು ಅದನ್ನು ತಾವೇ ತೊಳೆದು, ವಿಭೂತಿ ಎಳೆದು, ಕುಂಕುಮ ಹಚ್ಚಿ, ಹೂವು ಏರಿಸಿ, ಮಾರನೆಯ ದಿನ ಒಂದು ಸುತ್ತಾದರೂ ತಿರುಗಿಸಿ ಕೆಲಸ ಶುರು ಮಾಡುವುದು ಅವರ ಪದ್ಧತಿ. ಪೂಜೆಯಾದ ಮಷೀನು ತಿರುಗಲೇಬೇಕು. ತಿರುಗಿಸುವ ಮನಸ್ಸಿಲ್ಲದವರು ಪೂಜೆ ಮಾಡಿಸುವುದಿಲ್ಲ. ಮಾಲೀಕರೂ ಇದೇ ಊರಿನವರು, ಅವರ ಮನೆಯಲ್ಲೂ ದೇವರ ಕೋಣೆ ಇದೆ ಎಂದು ಆ ಹೆಂಗಸರು ಲೆಕ್ಕ ಹಾಕಿದರು. ಆ ಒಂದು ಲೆಕ್ಕದಲ್ಲಿ ಸೋತರು.

ಪೂಜೆಯ ದಿನ ಮನೆಮಂದಿಯನ್ನೂ ಒಳಗೆ ಬಿಡುತ್ತಿದ್ದರು. ಆಕೆ ನನ್ನನ್ನೂ ಕರೆದುಕೊಂಡು ಹೋದಳು. ನಾನು ಆ ಖಾತೆಯನ್ನು ನೋಡಿದ್ದು ಅದೇ ಮೊದಲು, ಅದೇ ಕೊನೆ. ಹೆಂಗಸರು ಹಿಂದಿನ ದಿನವೆಲ್ಲ ಹಳೆಯ ಸೀರೆಯ ಚಿಂದಿಗೆ ಸೀಮೆಎಣ್ಣೆ ಹಚ್ಚಿ ಉಜ್ಜಿದ್ದರು. ಸಾಲಾಗಿ ನಿಂತ ಮಷೀನುಗಳಲ್ಲಿ ಒಂದು ಚುಕ್ಕೆ ತುಕ್ಕು ಇರಲಿಲ್ಲ. ಆಕೆ ತನ್ನ ಮಷೀನಿನ ಹಿಡಿಕೆಗೆ ತನ್ನ ಮದುವೆಯ ಸೀರೆಯ ಅಂಚಿನ ಒಂದು ಪಟ್ಟಿಯನ್ನು ಕಟ್ಟಿದ್ದಳು. “ನೋಡು ಕಾಲೇಜು, ನನ್ನ ಸವತಿ!” ಎಂದು ನಗುತ್ತ ತೋರಿಸಿದಳು. ಬೂದುಗುಂಬಳಕಾಯಿ ಒಡೆದರು. ಮಂಡಕ್ಕಿ, ಕೊಬ್ಬರಿ ಹಂಚಿದರು.

ಇಲ್ಲಿ ನನ್ನ ನೆನಪಿನಲ್ಲಿ ಒಬ್ಬ ಹೊರಗಿನ ಮನುಷ್ಯ ಇದ್ದಾನೆ. ಬಿಳಿ ಟೋಪಿ, ಉದ್ದ ಕೋಟು. ಮಾಲೀಕರ ಪಕ್ಕದಲ್ಲಿ ನಡೆಯುತ್ತ, ಒಂದೊಂದು ಮಷೀನಿನ ಮೇಲೂ ಬೆರಳಾಡಿಸಿ, ಬೆರಳನ್ನು ನೋಡಿಕೊಳ್ಳುತ್ತಾನೆ. ಆಕೆಯ ಮಷೀನಿನ ಹತ್ತಿರ ಬಂದಾಗ ಆಕೆ ಅವನ ಕೈಗೂ ಮಂಡಕ್ಕಿ ಹಾಕುತ್ತಾಳೆ. ಇದು ನನಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದರೆ ಅವನ ಉಂಗುರವೂ ಕಾಣುತ್ತದೆ. ಆದರೆ ಆ ದಿನದ ಡೈರಿಯಲ್ಲಿ ಅವನಿಲ್ಲ. ಹೂವು ಇದೆ, ಸೀಮೆಎಣ್ಣೆಯ ವಾಸನೆ ಇದೆ, ನಾನು ಉಟ್ಟ ಸೀರೆಯ ಬಣ್ಣ ಕೂಡ ಇದೆ. ಅವನನ್ನು ನಾನು ಅಂದು ನಿಜವಾಗಿ ನೋಡಿದೆನೋ, ಮುಂದೆ ಆದದ್ದು ತಿಳಿದ ಮೇಲೆ ಅಲ್ಲಿ ಕರೆತಂದು ನಿಲ್ಲಿಸಿದೆನೋ ಗೊತ್ತಿಲ್ಲ. ಸಿಟ್ಟಿಗೆ ಒಂದು ಮುಖ ಬೇಕಾಗುತ್ತದೆ. ಹಾಗಾಗಿ ಅವನ ಮೇಲೆ ಆಣೆ ಇಡಲಾರೆ. ಉಜ್ಜಿದ ಕೈಗಳ ಮೇಲೆ ಇಡಬಲ್ಲೆ.

ಮಾರನೆಯ ದಿನ ಹೆಂಗಸರೆಲ್ಲ ಒಂದು ಸುತ್ತು ತಿರುಗಿಸಲು ಹೋದರೆ ಗೇಟು ಹಾಕಿತ್ತು. ಕರೆಂಟಿಲ್ಲ ಎಂದರಂತೆ.

“ಕೈಲೇ ತಿರುಗಿಸ್ತೀವಿ, ಬಿಡ್ರಿ” ಎಂದು ಆಕೆ ಕೇಳಿದ್ದಳು. ಬಿಡಲಿಲ್ಲ.

ಆಮೇಲಿನದು ನಾನು ಕಂಡದ್ದಲ್ಲ, ಕೇಳಿದ್ದು. ದೀಪಾವಳಿಗೆ ಗಂಡನನ್ನು ಕರೆತರಲು ಆಕೆ ಹರಿಹರಕ್ಕೆ ಹೋಗಿದ್ದಳು. ಇಬ್ಬರೂ ಸ್ಟೇಷನ್ನಿಗೆ ಹೊರಟವರು, ಹೊಳೆ ನೋಡಿಕೊಂಡು ಹೋಗೋಣ ಎಂದು ಸೇತುವೆಯ ಕಡೆಯಿಂದ ಬಂದರಂತೆ. ತುಂಗಭದ್ರೆಯ ಸೇತುವೆಗೆ ಮುಂಚೆ ಚಹದ ಅಂಗಡಿಯ ಮುಂದೆ ಲಾರಿಗಳು ನಿಂತಿದ್ದವು. ಮೇಲೆ ಹಗ್ಗ ಬಿಗಿದ ಮಷೀನುಗಳು. ಆಕೆ ಮೊದಲು ನೋಡಿದ್ದು ಸೀರೆಯ ಅಂಚಿನ ಪಟ್ಟಿಯನ್ನು.

ಡ್ರೈವರು ಚಹ ಕುಡಿಯುತ್ತಿದ್ದ.

“ಎಲ್ಲಿಗೆ ಒಯ್ತೀರಪ್ಪ ಇವನ್ನ?”

“ಕೊಲ್ಲಾಪುರದ ಕಡೆಗವ್ವ. ಹಳೇ ಮಾಲು. ಆದ್ರೂ ಭಾರೀ ಚೆಂದ ಇಟ್ಟಾರೆ, ಒಂದು ಚೂರು ತುಕ್ಕಿಲ್ಲ ಅಂತ ನಮ್ಮ ಸೇಟು ಖುಷ್ ಆಗಿಬಿಟ್ಟಾರೆ.”

ಇಷ್ಟನ್ನು ಗಂಡ ಹೆಂಡತಿ ಇಬ್ಬರೂ ಒಂದೇ ತೆರನಾಗಿ ಹೇಳುತ್ತಿದ್ದರು. ಇಲ್ಲಿಂದ ಮುಂದೆ ಎರಡು ಕಥೆಗಳು. ಆಕೆ ಹೇಳಿದ್ದು ಹೀಗೆ: ಲಾರಿಯ ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಸೆರಗಿನಿಂದ ಮಷೀನಿನ ಕುಂಕುಮವನ್ನೂ ವಿಭೂತಿಯನ್ನೂ ಒರಸಿ, ಸೀರೆಯ ಪಟ್ಟಿಯನ್ನು ಬಿಚ್ಚಿಕೊಂಡು ಇಳಿದಳು. “ನನ್ನ ಕುಂಕುಮ ನಾನು ವಾಪಸ್ ತಗಂಡೆ. ಬರೀ ಕಬ್ಬಿಣ ಒಯ್ರಿ ಅಂದೆ.” ಗಂಡ ಹೇಳಿದ್ದು ಬೇರೆ, ಅದೂ ಆಕೆ ಇಲ್ಲದ ಹೊತ್ತಿನಲ್ಲಿ, ಅಪ್ಪನ ಹತ್ತಿರ: “ಹತ್ತಾಕೆ ಹೋದಳು ಮೇಷ್ಟ್ರೇ, ಆಗಲಿಲ್ಲ. ರಸ್ತೆದಾಗೇ ಕುಂತುಬಿಟ್ಟಳು. ಲಾರಿ ಹೋದ ಮ್ಯಾಲೂ ಎಬ್ಬಸಾಕೆ ಆಗಲಿಲ್ಲ ನಂಗೆ.”

ನನಗೆ ಆಕೆಯ ಕಥೆಯೇ ಇಷ್ಟ. ಅದಕ್ಕೇ ಅದರ ಮೇಲೆ ಅನುಮಾನ. ಆದರೆ ಯಾವುದು ನಿಜ ಎಂದು ವಿಚಾರಣೆ ಮಾಡಲು ನಾನು ಯಾರು? ಎರಡರಲ್ಲಿ ಯಾವುದೇ ನಿಜವಾದರೂ, ಲಾರಿಯಂತೂ ಸೇತುವೆ ದಾಟಿತು. ಮಷೀನು ಮಾರುವ ಹಕ್ಕು ಮಾಲೀಕರಿಗೆ ಇತ್ತು, ಅದನ್ನು ನಾನು ಓದಿದವಳಾಗಿ ಒಪ್ಪುತ್ತೇನೆ. ಗಿರಾಕಿಗೆ ತೋರಿಸುವ ಮೊದಲು ತೊಳೆಸಬೇಕಿತ್ತು, ಅದಕ್ಕೆ ಕೂಲಿ ಕೊಟ್ಟು ಆಳು ಕರೆಯಬಹುದಿತ್ತು. ಕರೆಯಲಿಲ್ಲ. ತಮ್ಮ ಕೆಲಸ ಕಳೆದುಕೊಳ್ಳುವವರ ಕೈಯಲ್ಲೇ, ದೇವರ ಹೆಸರು ಹೇಳಿ, ಪುಕ್ಕಟೆ ತೊಳೆಸಿದರು. ಇದನ್ನು ಯೋಚಿಸಿದವನು ಯಾವುದೋ ಮೇಜಿನ ಮುಂದೆ ಕೂತು, ಚಹ ಕುಡಿಯುತ್ತ, ಒಳ್ಳೆಯ ಉಪಾಯ ಎಂದು ತನ್ನನ್ನೇ ಮೆಚ್ಚಿಕೊಂಡಿರಬೇಕು. ಇಷ್ಟು ವರ್ಷಗಳಾದ ಮೇಲೂ ಇದನ್ನು ಬರೆಯುವಾಗ ನನ್ನ ಅಕ್ಷರ ಸೊಟ್ಟಗಾಗುತ್ತದೆ.

ಮಗಳು ಶಾಲೆ ಬಿಟ್ಟಳು. ಬಿಡಿಸಿದ್ದು ಯಾರು ಎಂದು ಕೇಳಿದರೆ ಆ ಮನೆಯಲ್ಲಿ ಯಾರೂ ಉತ್ತರ ಹೇಳುತ್ತಿರಲಿಲ್ಲ. ತಾಯಿ ಮಗಳು ಇಬ್ಬರೂ ಮಂಡಕ್ಕಿ ಭಟ್ಟಿಗೆ ಸೇರಿದರು. ಭಟ್ಟಿಯ ಯಜಮಾನಿಯನ್ನು ಓಣಿಯವರೆಲ್ಲ ಖಾಲಾ ಎನ್ನುತ್ತಿದ್ದರು. ಕಾದ ಮರಳಿನ ಹೊಗೆಯಲ್ಲಿ ನಿಂತು ಖಾಲಾ, ಅಕ್ಕ ಇಬ್ಬರೂ ಜಗಳವಾಡುತ್ತಿದ್ದರು, ಒಬ್ಬರಿಗೊಬ್ಬರು ಹೆದರುತ್ತಿರಲಿಲ್ಲ.

“ಇಷ್ಟು ಬಾಯಿ ಮಾಡ್ತೀಯಲ್ಲೇ, ಮಿಲ್ಲಿನಾಗೆ ಹೆಂಗೆ ಇಟ್ಕಂಡಿದ್ರು ನಿನ್ನ?”

“ಸದ್ದಿನಾಗೆ ಕೇಳಿಸ್ತಿರಲಿಲ್ಲ ಖಾಲಾ. ಅದಕ್ಕೇ ಇಟ್ಕಂಡಿದ್ರು.”

ನಾನು ಎಂ.ಎ. ಓದಲು ಮೈಸೂರಿಗೆ ಹೋದೆ. ರಜೆಗೆ ಬಂದಾಗ ಸುದ್ದಿ ಕೇಳುತ್ತಿದ್ದೆ: ಕಾಲ ಸ್ವಲ್ಪ ಸುಧಾರಿಸಿತು, ನೂಲು ಮತ್ತೆ ಹೋಗುತ್ತಿದೆ, ಮಿಲ್ಲಿಗೆ ಹೊಸ ರೀಲಿಂಗ್ ಮಷೀನು ಬಂದಿವೆ, ಅಕ್ಕನ ಗಂಡ ಹರಿಹರ ಬಿಟ್ಟು ಮತ್ತೆ ಮಗ್ಗದ ಖಾತೆಗೆ ಬದಲಿಯಾಗಿ ಬಂದಿದ್ದಾನೆ. ಒಂದು ಬೇಸಿಗೆ ರಜೆಯಲ್ಲಿ ನಾನು ಕಟ್ಟೆಯ ಮೇಲೆ ಕೂತಿದ್ದಾಗ ಜಾಬರಣ್ಣ ಮತ್ತೆ ಆ ಸೈಕಲ್ಲು ತಳ್ಳಿಕೊಂಡು ಬಂದ. ಕೂದಲು ನೆರೆತಿತ್ತು. ಆಕೆ ಕೂಡ್ರಿ ಎಂದಳು, ನೀರು ಕೊಟ್ಟಳು.

“ಹುಡುಗ್ರನ್ನ ತಗಂಡೀವವ್ವ ರೀಲಿಂಗಿಗೆ. ಕೈ ಕುಂದ್ರವಲ್ದು ಅವಕ್ಕೆ. ಎಳಿ ಹರಿದ್ರೆ ಹಂಗೇ ಬಿಡ್ತಾವೆ. ಒಂದು ವಾರ ಬಂದು ಕಲಿಸಿಕೊಡು.”

“ಬರ್ತೀನಿ. ಕಲಿಸಾಕಲ್ಲ. ಕೆಲಸಕ್ಕೆ.”

“ಹೆಣ್ಮಕ್ಕಳನ್ನ ಈಗ ತಗಳಲ್ಲವ್ವ. ರಾತ್ರಿ ಪಾಳಿ ಸುರು ಮಾಡ್ಯಾರೆ. ಹೆಂಗಸ್ರನ್ನ ರಾತ್ರಿ ದುಡಿಸಾಕೆ ಕಾನೂನು ಬಿಡಲ್ಲ.”

“ಹಂಗಾದ್ರೆ ಕಾನೂನನ್ನೇ ಕರೀರಿ. ಅದೇ ಕಲಿಸ್ತೈತೆ ಹುಡುಗ್ರಿಗೆ.”

ಜಾಬರಣ್ಣ ನನ್ನ ಕಡೆ ನೋಡಿ ನಕ್ಕ, ನಾನು ನಗಲಿಲ್ಲ. ಆಮೇಲೆ ಅವನು ದನಿ ಏರಿಸಿ, ಒಳಗೆ ಕೂತ ಗಂಡನಿಗೂ ಕೇಳುವ ಹಾಗೆ ಹೇಳಿದ: “ನಿನ್ನ ಯಜಮಾನಂದು ಇನ್ನೂ ಬದಲೀಲೇ ಐತಲ್ಲ. ನೀನು ಬಂದು ಕಲಿಸಿದ್ರೆ ಅವನ್ನ ಖಾಯಂ ಮಾಡಾಕೆ ಮಾತಾಡ್ತೀನಿ.”

ಗಂಡ ಬಾಗಿಲಿಗೆ ಬಂದು ನಿಂತ. ಏನೂ ಹೇಳಲಿಲ್ಲ. ಹೇಳಿದ್ದರೆ ಆಕೆ ಜಗಳವಾಡುತ್ತಿದ್ದಳು, ಜಗಳವಾಡಿದ್ದರೆ ಹೋಗುತ್ತಿರಲಿಲ್ಲ. ಅವನು ಸುಮ್ಮನೆ ನಿಂತದ್ದೇ ತಪ್ಪಾಯಿತು. ಆಕೆ ಅವನನ್ನು ನೋಡಿದಳು. ಅವನ ಭುಜದ ಮೇಲೆ ಇಟ್ಟಿಗೆ ಹೊತ್ತು ಕಪ್ಪಾದ ಗುರುತು ಇತ್ತು, ಬನಿಯನ್ನಿನ ಹೊರಗೆ ಕಾಣುತ್ತಿತ್ತು.

“ಸೋಮವಾರ ಬರ್ತೀನಿ” ಎಂದಳು.

ನಾನು ಬೆರಗಾದೆ. ಬೇಸರವೂ ಆಯಿತು, ಅದನ್ನು ಅಡಗಿಸುವುದಿಲ್ಲ. ಎರಡು ವರ್ಷ ಮೈಸೂರಿನಲ್ಲಿ ಓದಿ, ಆಕೆಯಂಥವರ ಸಿಟ್ಟಿನ ಬಗ್ಗೆ ದೊಡ್ಡ ದೊಡ್ಡ ಮಾತು ಕಲಿತು ಬಂದವಳು ನಾನು. ಆ ಸಿಟ್ಟಿನಿಂದ ಒಂದು ಹೊತ್ತಿನ ರೊಟ್ಟಿ ಕಡಿಮೆ ಮಾಡಿಕೊಂಡವಳಲ್ಲ. ಆಕೆ ಸಿಟ್ಟನ್ನು ಕಾಪಾಡಿಕೊಳ್ಳಬೇಕಿತ್ತು ಎಂದು ಬಯಸುವ ಅಧಿಕಾರ ನನಗೆ ಎಲ್ಲಿಂದ ಬಂತು ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ವಾರವೆಲ್ಲ ಆಕೆ ಬೆಳಿಗ್ಗೆ ಎದ್ದು ಮಿಲ್ಲಿಗೆ ಹೋದಳು. ಒಳಗೆ ಬಿಟ್ಟರು. ವಾರ ಮುಗಿದ ಮಧ್ಯಾಹ್ನ, ಭಟ್ಟಿಗೆ ಹೊರಡುವ ಮುಂಚೆ, ಮರಳಿನ ಧೂಳಿಗೆಂದು ತಲೆಗೆ ಬಟ್ಟೆ ಬಿಗಿಯುತ್ತ ಕಟ್ಟೆಯ ಮೇಲೆ ಕೂತಿದ್ದಳು. ನಾನು ಪಕ್ಕಕ್ಕೆ ಹೋಗಿ ಕೂತೆ.

“ಅಣ್ಣಂದು ಖಾಯಂ ಆಯ್ತಾ ಅಕ್ಕ?”

“ಮುಂದಿನ ತಿಂಗಳು ಅಂದಾರೆ.”

ಆ ಮುಂದಿನ ತಿಂಗಳು ಬರಲಿಲ್ಲ. ಅವನು ಬದಲಿಯಾಗಿಯೇ ದುಡಿದು ಬದಲಿಯಾಗಿಯೇ ಮನೆಗೆ ಬಂದ. ಅದು ಆ ದಿನವೇ ಆಕೆಗೆ ಗೊತ್ತಿತ್ತೆಂದೇ ನನ್ನ ಅನಿಸಿಕೆ, ಏಕೆಂದರೆ ‘ಅಂದಾರೆ’ ಎನ್ನುವಾಗ ಆಕೆಯ ದನಿ ಏರಿರಲಿಲ್ಲ.

“ಹುಡುಗ್ರು ಕಲಿತ್ರಾ?”

ಆಕೆ ಬಟ್ಟೆಯ ಗಂಟನ್ನು ಬಿಚ್ಚಿ ಮತ್ತೆ ಬಿಗಿದಳು.

“ಕೆಟ್ಟದಾಗಿ ಕಲಿಸ್ಬೇಕು ಅಂತ್ಲೇ ಹೋಗಿದ್ದೆ ಕಣೆ. ಗಂಟು ಜಾರಂಗೆ ಹಾಕದು ಹೆಂಗೆ ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ಕಂಡು ಹೋದೆ. ಇವರ ಲಡಿ ಒಂದೂ ಬಿಚ್ಚಬಾರದು, ಗೋದಾಮಿನಾಗೇ ಕೊಳೀಬೇಕು ಅಂತ. ಮಷೀನಿನ ಮುಂದೆ ನಿಂತ್ನಾ, ಆ ಹುಡುಗ ಎಳಿ ಹಿಡ್ಕಂಡು ಕಣ್ಣು ಬಿಟ್ಕಂಡು ನೋಡ್ತಾ ಅವ್ನೆ. ಹಾಕಿಬಿಟ್ಟೆ. ಸರಿಯಾಗೇ ಹಾಕಿಬಿಟ್ಟೆ. ಎಲ್ಲಾರಿಗೂ ಸರಿಯಾಗೇ ಕಲಿಸಿಬಿಟ್ಟೆ.”

“ಅಕ್ಕ…”

“ಕೈ ಕೇಳಲಿಲ್ಲ ಕಣೆ ಕಾಲೇಜು.”

ಎರಡೂ ಕೈಗಳನ್ನು ಮಡಿಲ ಮೇಲೆ ಅಂಗಾತ ಇಟ್ಟುಕೊಂಡು ನೋಡಿದಳು. ಟೈಂಕೀಪರನನ್ನು, ಜಾಬರಣ್ಣನನ್ನು, ಮೈಕಿನ ಮುಂದಿನ ಮುಖಂಡರನ್ನು ಆಕೆ ಹೇಗೆ ನೋಡುತ್ತಿದ್ದಳು ಎಂದು ನನಗೆ ಗೊತ್ತು. ಅವರಲ್ಲಿ ಯಾರನ್ನೂ ಆಕೆ ಅಷ್ಟು ಸಿಟ್ಟಿನಿಂದ ನೋಡಿರಲಿಲ್ಲ.